ಕಲ್ಹಾತ್‌ನಲ್ಲಿ ಕಟ್ಟಿದ ವಾಚು

ಅಲ್ ಮವಾಲೇಹ್, ಮಸ್ಕತ್
19-1-2025, ಆದಿತ್ಯವಾರ

ಪ್ರೀತಿಯ ಐಶಾ,

ಅಸ್ಸಲಾಮು ಅಲೈಕುಂ. ನಿನ್ನ ಕಣ್ಣು ಹೇಗಿದೆ? ಆಪರೇಶನ್ ಆಗಿ ಇವತ್ತಿಗೆ ಮೂವತ್ತೆರಡು ದಿನ. ಮದ್ದಿನ ಹನಿ ಹೊತ್ತು ಹೊತ್ತಿಗೆ ಬಿಡುತ್ತೀಯೋ, ಇಲ್ಲಾ ಬಾಟಲಿಯನ್ನು ಕಪಾಟಿನಲ್ಲಿಟ್ಟು ಮರೆತಿದ್ದೀಯೋ? ಬಗ್ಗಿ ಕೂತು ಮೀನು ಕೊಯ್ಯಬಾರದು ಎಂದು ಡಾಕ್ಟರು ಹೇಳಿದ್ದು ನಿನಗೆ, ನನಗಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಅಲ್ಲಿದ್ದಷ್ಟೇ ಇಲ್ಲಿಯೂ ಇದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ನಿನ್ನ ಫೋನು ಮಾತಾಡಿದರೆ ಓಣಿಗೆಲ್ಲ ಕೇಳುತ್ತದೆ. ಕೆಳಗಿನ ಮನೆಯ ಜಲಾಲ್ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕೊಡುತ್ತೇನೆ. ನಿನ್ನ ಕಣ್ಣಿಗಾಗಿಯೇ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನೋವಾದರೆ ಎರಡು ಸಲಕ್ಕೆ ಓದು, ಆದರೆ ನೀನೇ ಓದು. ಸೊಸೆಯ ಕೈಗೆ ಕೊಡಬೇಡ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಬಂದರಿನಿಂದ ಲಕ್ಷದ್ವೀಪಕ್ಕೆ ಹೆಂಚು ಸಾಗಿಸುವ ಮಂಜಿಹಡಗು ಹತ್ತಿದವನ ಅಕ್ಷರ ಇದು. ಏಳನೇ ಕ್ಲಾಸು ಓದಿದ ನೀನು ತಪ್ಪು ಹುಡುಕಿ ನಗುವುದು ಬೇಡ. ನಗುವ ವಿಷಯ ಕಾಗದದಲ್ಲಿ ಬೇರೆ ಬೇಕಾದಷ್ಟಿದೆ.

ನಾನು ಇಲ್ಲಿಗೆ ಏಕೆ ಬಂದೆ ಎಂದು ನಿನಗೆ ಗೊತ್ತು. ಹೊರಡುವ ಮುನ್ನಾದಿನ ತಂಗಿ ಬೀಪಾತುಮ್ಮನ ಜಗಲಿಯಲ್ಲಿ ಕೂತು, ಅವಳ ಮಗನ ಎದುರಿಗೇ, "ನಮ್ಮ ರಸೀನಾಳ ಮಗಳು ಫಾಯಿಝಾ ನಿನ್ನ ಮೊಮ್ಮಗ ಶಾಫಿಗೇ. ನಾನು ಹೋಗಿ ಮಾತು ಮುಗಿಸಿ ಬರ್ತೇನೆ" ಎಂದಿದ್ದೆ. ಶಾಫಿ ಒಳ್ಳೆಯ ಹುಡುಗ. ತೊಕ್ಕೊಟ್ಟಿನಲ್ಲಿ ಮೊಬೈಲ್ ಅಂಗಡಿ ಇದೆ, ಐದು ಹೊತ್ತಿನ ನಮಾಜು ತಪ್ಪಿಸುವುದಿಲ್ಲ. ಗಂಡ ತೀರಿಕೊಂಡ ಮೇಲೆ ತಂಗಿ ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಅದಕ್ಕೆ ಕೊಟ್ಟ ಮಾತು. ಆದರೆ ಇಲ್ಲಿಗೆ ಬಂದು ಎರಡು ವಾರ ಕಳೆದರೂ ಈ ಮಾತು ತೆಗೆಯಲು ಯಾರೂ ಬಿಡಲಿಲ್ಲ. ನಾನು "ಫಾಯಿಝಾಳ ವಿಷಯ" ಎನ್ನುವಾಗಲೇ ಅಳಿಯ ಮುನಾಫ್‌ಗೆ ಆಫೀಸಿನಿಂದ ಫೋನು ಬರುತ್ತದೆ. ಮಗಳು ರಸೀನಾಳಿಗೆ ಒಲೆಯ ಮೇಲೆ ಹಾಲು ಉಕ್ಕುತ್ತದೆ. ಮೊಮ್ಮಗಳು ತಲೆ ತೊಳೆಯಲು ಹೋಗುತ್ತಾಳೆ. ದಿನಕ್ಕೆ ಮೂರು ಸಲ ತಲೆ ತೊಳೆಯುವ ಹುಡುಗಿಯನ್ನು ನೀನು ಕಂಡಿದ್ದೀಯಾ?

ಹೀಗಿರುವಾಗ ಗುರುವಾರ ಊಟಕ್ಕೆ ಕೂತಲ್ಲಿ ಮುನಾಫ್ ಇದ್ದಕ್ಕಿದ್ದ ಹಾಗೆ, "ಮಾವ, ಶನಿವಾರ ನಿಮಗೆ ಒಂದು ಟೂರ್ ಬುಕ್ ಮಾಡಿದ್ದೇವೆ. ಪೋರ್ಚುಗೀಸರು ಇದ್ದ ಊರುಗಳು. ಮತ್ರಾ, ಹಳೆ ಮಸ್ಕತ್, ಖುರಿಯಾತ್, ಕಲ್ಹಾತ್, ಸೂರ್. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್. ಗೈಡ್ ಕೂಡ ಉಂಟು" ಎಂದ. ಆ ಪರಂಗಿಗಳ ಹತ್ತಿರ ನನಗೆಂತ ಕೆಲಸ ಎಂದು ಕೇಳಿದೆ. ಉಳ್ಳಾಲದವನಿಗೆ ದುಡ್ಡು ಕೊಟ್ಟು ಪರಂಗಿಗಳ ಕೋಟೆ ನೋಡಬೇಕಾ? ಫಾಯಿಝಾ ಬಂದು ನನ್ನ ಕೈ ಹಿಡಿದು, "ಅಜ್ಜಾ, ಪ್ಲೀಸ್. ನನಗೋಸ್ಕರ" ಎಂದಳು. ಅಷ್ಟು ದಿನದಲ್ಲಿ ಅವಳು ನನ್ನ ಪಕ್ಕದಲ್ಲಿ ಕೂತದ್ದೇ ಅವತ್ತು. ನಾನು ಹೂಂ ಎಂದೆ. ನೀನು ಪೆಟ್ಟಿಗೆಯಲ್ಲಿ ಮಡಚಿಟ್ಟ ಆ ಹೊಸ ಬಿಳಿ ಅಂಗಿಯನ್ನೇ ಹಾಕಬೇಕು ಎಂದು ರಸೀನಾ ಹಟ ಹಿಡಿದಳು. ಕಲ್ಲು ಮಣ್ಣು ನೋಡಲು ಹೋಗುವವನಿಗೆ ಇಸ್ತ್ರಿ ಮಾಡಿದ ಅಂಗಿ ಏಕೆ ಎಂದು ನನಗೆ ಆಗಲೂ ಅರ್ಥವಾಗಲಿಲ್ಲ.

ಶನಿವಾರ ಬೆಳಿಗ್ಗೆ ಆರೂವರೆಗೆ ಗೈಡ್ ತಾನೇ ವ್ಯಾನು ಓಡಿಸಿಕೊಂಡು ಬಂದ. ಹೆಸರು ಅನ್ಸಾರ್. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ, ಪ್ರವಾಸದ ಕಂಪನಿಯೊಂದರಲ್ಲಿ ಕೆಲಸ, ಊರಿನವರ ಗುಂಪು ಬಂದರೆ ಅವನೇ ಜೊತೆಗೆ ಹೋಗುವುದಂತೆ. ಸಲಾಲಾದಲ್ಲಿ ಹುಟ್ಟಿ ಬೆಳೆದರೂ ಮನೆಯಲ್ಲಿ ಬ್ಯಾರಿ, ನಮ್ಮ ಹಾಗೇ. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ತಾನೇ ಹಾಕಿದ. "ಅಜ್ಜಾ, ಎಸಿ ಜಾಸ್ತಿ ಆಯ್ತಾ?" ಎಂದು ಕೇಳಿದ. "ನಿನಗೆ ನಾನು ಯಾವ ಕಡೆಯ ಅಜ್ಜ? ಕಾಕ ಅಂತ ಕರೆ, ಸಾಕು" ಎಂದೆ. ಹಿಂದೆ ಫಾಯಿಝಾಳಿಗೆ ಕೆಮ್ಮು ಬಂತು. ಅವಳ, ರಸೀನಾಳ ಮತ್ತು ಮುನಾಫ್‌ನ ಜೊತೆ ನಾನು ಕಂಡಿರದ ಒಬ್ಬ ಹೆಂಗಸೂ ಕೂತಿದ್ದಳು, ಹೆಸರು ಸುಹೈಲಾ. ಸಲಾಲಾದಿಂದ ಬಂದವಳು, ವ್ಯಾನಿನಲ್ಲಿ ಒಂದು ಸೀಟು ಖಾಲಿ ಇತ್ತು, ಅದಕ್ಕೇ ಸೇರಿಸಿಕೊಂಡೆವು ಎಂದರು. ಆ ಹೆಂಗಸು ದಾರಿಯುದ್ದಕ್ಕೂ ಕೋಟೆ ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದಳು. ಸಕ್ಕರೆ ಹಾಕದ ಚಹಾವನ್ನು ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟಳು. ನನಗೆ ಸಕ್ಕರೆ ಕಾಯಿಲೆ ಎಂದು ಅವಳಿಗೆ ಯಾರು ಹೇಳಿದರು?

ಮತ್ರಾದ ಕೋಟೆ ಸಮುದ್ರದ ಬದಿಯ ಬಂಡೆಯ ಮೇಲಿದೆ. ಮೆಟ್ಟಿಲು ಹತ್ತಿ ನನ್ನ ಮಂಡಿ ಕಳಚಿ ಬಿತ್ತು. ಹಳೆ ಮಸ್ಕತ್‌ನಲ್ಲಿ ಮತ್ತೆ ಎರಡು ಕೋಟೆ, ಸುಲ್ತಾನರ ಅರಮನೆಯ ಆಚೆ ಒಂದು, ಈಚೆ ಒಂದು, ಮಧ್ಯೆ ಬಂದರಿನ ನೀರು. ಅನ್ಸಾರ್ ಕೈ ಎತ್ತಿ ಎತ್ತಿ ಹೇಳಿದ. ಐನೂರು ವರ್ಷದ ಹಿಂದೆ ಪೋರ್ಚುಗೀಸರು ಹಡಗಿನಲ್ಲಿ ಬಂದು ಊರಿಗೆ ಬೆಂಕಿ ಇಟ್ಟರಂತೆ. ಆಮೇಲೆ ಅವರೇ ಈ ಕೋಟೆಗಳನ್ನು ಕಟ್ಟಿದರಂತೆ. ನೂರೈವತ್ತು ವರ್ಷ ಹತ್ತಿರ ಆದ ಮೇಲೆ ಇಲ್ಲಿಯವರು ಅವರನ್ನು ಓಡಿಸಿದರಂತೆ. ಸುಟ್ಟವರೂ ಅವರೇ, ಕಟ್ಟಿದವರೂ ಅವರೇ, ಈಗ ಅದಕ್ಕೆ ಸುಣ್ಣ ಬಳಿದು ಜನರಿಗೆ ತೋರಿಸುವವರು ಇವರು. ಇದರಲ್ಲಿ ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಂದು ನನಗೆ ಗೊತ್ತಾಗಲಿಲ್ಲ. ವ್ಯಾನು ಹತ್ತಿದ ಮೇಲೆ ನನಗೂ ಒಂದು ಮಾತು ಹೇಳಬೇಕು ಅನ್ನಿಸಿ, "ನಮ್ಮ ಉಳ್ಳಾಲದ ರಾಣಿಯ ಕೈಯಲ್ಲಿ ಪೆಟ್ಟು ತಿಂದು ಓಡಿದವರೇ ಇಲ್ಲಿಗೆ ಬಂದದ್ದು" ಎಂದೆ. ಮುನಾಫ್ "ಹೌದು ಮಾವ" ಎಂದ. ರಸೀನಾ "ಹೌದು ಉಪ್ಪ" ಎಂದಳು. ಆ ಹುಡುಗ ಮಾತ್ರ ತಲೆ ಕೆರೆದು, "ಇಲ್ಲ ಕಾಕ. ಇಲ್ಲಿಗೆ ಬಂದದ್ದು ಮೊದಲು, ಉಳ್ಳಾಲದ್ದು ಆಮೇಲೆ" ಎಂದ. ನೀನು ಹುಟ್ಟುವ ಮೊದಲೇ ನಾನು ಸಮುದ್ರ ಕಂಡವನು ಎಂದು ಜೋರು ಮಾಡಿದೆ. "ಸಮುದ್ರ ನೀವೇ ಜಾಸ್ತಿ ಕಂಡದ್ದು ಕಾಕ. ಇಸವಿ ಮಾತ್ರ ಹಾಗಲ್ಲ" ಎಂದ. ವ್ಯಾನಿನೊಳಗೆ ಎಲ್ಲರೂ ಉಸಿರು ಬಿಗಿಹಿಡಿದು ಕೂತರು. ಒಬ್ಬ ಗೈಡ್ ಎದುರು ಮಾತಾಡಿದ್ದಕ್ಕೆ ಇವರಿಗೆಲ್ಲ ಇಷ್ಟು ಗಾಬರಿ ಏಕೆ?

ಖುರಿಯಾತ್‌ನಲ್ಲಿ ಊರ ನಡುವೆ ಇನ್ನೊಂದು ಕೋಟೆ, ಅದರ ಕತೆಯೂ ಬೆಂಕಿಯದೇ. ನಾನು ಕೋಟೆ ಬಿಟ್ಟು ಮೀನಿನ ಬಂದರಿಗೆ ನಡೆದೆ. ಅಂಜಲ್ ಮೀನು ಒಂದೊಂದೂ ನನ್ನ ತೋಳಿನಷ್ಟು ಉದ್ದ. ಬಲೆ ಹೆಣೆಯುತ್ತಿದ್ದ ಒಬ್ಬ ಮುದುಕನ ಜೊತೆ ಕೂತು ಗಂಟು ಹಾಕುವ ಬಗೆ ನೋಡಿದೆ. ಅವನ ಮಾತು ನನಗೆ ಬರುವುದಿಲ್ಲ, ನನ್ನದು ಅವನಿಗೆ ಬರುವುದಿಲ್ಲ, ಆದರೂ ಒಂದು ಗಂಟೆ ಜಗಳವಾಡಿದೆವು. ಕೊನೆಗೆ ಅನ್ಸಾರ್ ಬಂದು, "ಯಲ್ಲಾ ಕಾಕ, ಹೊರಡುವ, ಸೂರ್‌ಗೆ ಒಂದು ಗಂಟೆಗೆ ಮುಟ್ಟಬೇಕು, ಅಲ್ಲಿ ಊಟ" ಎಂದ. ಅವನು ಹಾಗೆ ಹೇಳಿದ್ದನ್ನು ನಂಬಿ ನಾನು ಹನ್ನೆರಡೂವರೆಗೆ ಸಕ್ಕರೆಯ ಮಾತ್ರೆ ನುಂಗಿದೆ.

ಮಾತ್ರೆ ನುಂಗಿದವನಿಗೆ ಊಟ ಎಲ್ಲಿ? ದಾರಿಯಲ್ಲಿ ಕಲ್ಹಾತ್ ಎಂಬಲ್ಲಿ ಗಾಡಿ ನಿಲ್ಲಿಸಿದ. ಒಂದು ಕಾಲಕ್ಕೆ ದೊಡ್ಡ ಬಂದರಂತೆ, ನಮ್ಮ ಕಡೆಯ ಹಡಗುಗಳೂ ಬರುತ್ತಿದ್ದವಂತೆ. ಪೋರ್ಚುಗೀಸರು ಅದನ್ನೂ ಸುಟ್ಟು ಹಾಕಿದರು. ಈಗ ಗುಡ್ಡದ ಬದಿಯಲ್ಲಿ ಮುರಿದ ಗೋಡೆಗಳು, ಯಾವುದೋ ಕಾಲದ ಒಬ್ಬ ದೊಡ್ಡ ಹೆಂಗಸಿನ ಗೋರಿಯ ಗುಮ್ಮಟ, ಕೆಳಗೆ ಸಮುದ್ರ. ನೋಡಿ ಮುಗಿಯಲು ಹತ್ತು ನಿಮಿಷ ಸಾಕು. ಆದರೆ ನಮ್ಮ ಫಾಯಿಝಾ ಶಾಲೆಯಲ್ಲಿ ಕೇಳದ ಪ್ರಶ್ನೆಗಳನ್ನೆಲ್ಲ ಅವತ್ತು ಕೇಳಿದಳು. ಆ ಗೋಡೆ ಯಾರದು, ಈ ಕಲ್ಲು ಎಲ್ಲಿಯದು. ಅವನೂ ಬಿಡದೆ ಹೇಳಿದ. ಅವನ ಫೋನು ಅವಳ ಕೈಯಲ್ಲಿತ್ತು, ಫೋಟೊ ತೆಗೆಯುವುದಕ್ಕೆ. ಅವನ ಫೋನು ಇವಳ ಕೈಯಲ್ಲಿ ಏಕೆ ಎಂದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಹೊಟ್ಟೆಗಿಲ್ಲದೆ ಸಕ್ಕರೆ ಇಳಿದು ನನಗೆ ಬೆವರು ಬಂದಿತ್ತು. "ಗಂಟೆ ಎಷ್ಟು ಗೊತ್ತುಂಟಾ ನಿನಗೆ?" ಎಂದು ಕೂಗಿದೆ. ಅವನು ಬರಿಯ ಮಣಿಕಟ್ಟು ನೋಡಿಕೊಂಡು, "ಫೋನು ಅವಳ ಹತ್ತಿರ ಉಂಟು ಕಾಕ, ಒಂದೂವರೆ ಆಗಿರಬಹುದು" ಎಂದ. ನನ್ನ ವಾಚಿನಲ್ಲಿ ಎರಡೂ ಮುಕ್ಕಾಲು! ನನಗೆ ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದ ವಾಚು ಬಿಚ್ಚಿ, ಅವನ ಕೈ ಎಳೆದು, ಆ ಮಣಿಕಟ್ಟಿಗೆ ಬಿಗಿಯಾಗಿ ಕಟ್ಟಿದೆ. "ಇಕೋ, ಇವತ್ತಿಂದ ಇದನ್ನು ನೋಡಿ ನಡೆ. ಸಾಯುವ ತನಕ ಬಿಚ್ಚಬೇಡ!" ಎಂದೆ.

ಐಶಾ, ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ? ಅವನು ಬಾಯಿ ತೆರೆದು ನಿಂತ. ಸುಹೈಲಾ ಎಂಬ ಆ ಹೆಂಗಸು ಎರಡೂ ಕೈ ಮೇಲೆತ್ತಿ "ಅಲ್‌ಹಮ್ದುಲಿಲ್ಲಾಹ್" ಎಂದು ಗುಡ್ಡಕ್ಕೆ ಕೇಳುವ ಹಾಗೆ ಹೇಳಿದಳು. ರಸೀನಾ ಅಳಲು ಶುರುಮಾಡಿದಳು. ಫಾಯಿಝಾ ಮುಖ ಮುಚ್ಚಿಕೊಂಡು ವ್ಯಾನಿಗೆ ಓಡಿದಳು. ಮುನಾಫ್ ತನ್ನ ಕೈಯ ವಾಚನ್ನೊಮ್ಮೆ, ಆ ಹುಡುಗನ ಕೈಯನ್ನೊಮ್ಮೆ ನೋಡಿದ. ಗೈಡಿಗೆ ಬೈದರೆ ಇವರಿಗೆಲ್ಲ ಏನು ಬಂತು ಎಂದು ನಾನು ಬಿಸಿಲಿನಲ್ಲಿ ಮರದ ಗೊಂಬೆಯ ಹಾಗೆ ನಿಂತೆ. ಸುಹೈಲಾ ನನ್ನ ಬಾಯಿಗೆ ಒಂದು ಖರ್ಜೂರ ಇಟ್ಟಳು. ಸಕ್ಕರೆ ಇಳಿದದ್ದಕ್ಕೆ ಇರಬೇಕು ಎಂದುಕೊಂಡು ತಿಂದೆ.

ಸೂರ್‌ಗೆ ಹೇಗೋ ಮುಟ್ಟಿದೆವು. ಊಟ ಮುಗಿಸಿ ನಮಾಜು ಮಾಡಿ ಬಂದ ಮೇಲೆ, ಮರದ ಹಡಗು ಕಟ್ಟುವ ಅಂಗಳಕ್ಕೆ ಮುನಾಫ್ ನನ್ನೊಬ್ಬನನ್ನೇ ಕರೆದುಕೊಂಡು ಹೋದ. ಅಲ್ಲಿ ಹೇಳಿದ. ಅನ್ಸಾರ್‌ನನ್ನು ಫಾಯಿಝಾ ಒಪ್ಪಿದ್ದಾಳೆ, ವರ್ಷವಾಯಿತು. ಹುಡುಗನ ಮನೆಯವರಿಗೂ ಒಪ್ಪಿಗೆ. ಸುಹೈಲಾ ಅವನ ಉಮ್ಮ, ನನ್ನನ್ನು ನೋಡುವುದಕ್ಕೇ ಸಲಾಲಾದಿಂದ ಬಂದವಳು. ನನಗೆ ಹೇಳಲು ಯಾರಿಗೂ ಧೈರ್ಯವಿಲ್ಲದೆ, ಒಂದು ದಿನ ಹುಡುಗನ ಜೊತೆ ತಿರುಗಾಡಲಿ, ಇಷ್ಟವಾದರೆ ಸಂಜೆ ಮೆಲ್ಲಗೆ ಹೇಳೋಣ ಎಂದು ಈ ಟೂರು. "ನೀವು ವಾಚು ಕಟ್ಟುವಾಗ ನಿಮಗೆ ಹೇಗೋ ಗೊತ್ತಾಗಿದೆ, ಒಪ್ಪಿದ್ದೀರಿ ಅಂತ ನಾವು..." ಎಂದು ಅವನು ಅಲ್ಲಿಗೇ ನಿಲ್ಲಿಸಿದ. ನಮ್ಮ ಮನೆಯ ಪದ್ಧತಿಯನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಉಂಗುರ ಇಲ್ಲ, ಏನೂ ಇಲ್ಲ. ಹುಡುಗಿಯ ಕಡೆಯ ಹಿರಿಯ ಎಲ್ಲರ ಎದುರು ಹುಡುಗನ ಕೈಗೆ ವಾಚು ಕಟ್ಟಿದರೆ ಮಾತು ಮುಗಿಯಿತು, ಮತ್ತೆ ನಿಕಾಹ್‌ನ ದಿನ ನೋಡುವುದಷ್ಟೇ. ನನಗೆ ನಿನ್ನ ಉಪ್ಪ ಕಟ್ಟಿದರು. ಮುನಾಫ್‌ಗೆ ನಾನು ಕಟ್ಟಿದೆ. ಈಗ ಎರಡೂ ಕಡೆಯವರ ಎದುರು, ಹುಡುಗನ ಉಮ್ಮ ಅಲ್ಲಾಹನನ್ನು ನೆನೆಯುವಾಗ, ಸಾಯುವ ತನಕ ಬಿಚ್ಚಬೇಡ ಎಂದು ಬಾಯಿಬಿಟ್ಟು ಹೇಳಿ ಕಟ್ಟಿದ್ದೇನೆ. ಅದೂ ಯಾವ ವಾಚು? ನಿನ್ನ ಉಪ್ಪ ಕಟ್ಟಿದ ಅದೇ ಸೀಕೋ. ನೀನು ಎಷ್ಟು ಬೈಯುತ್ತೀಯೋ ಬೈ, ಇದನ್ನು ಮುಚ್ಚಿಡಲು ನನ್ನಿಂದಾಗುವುದಿಲ್ಲ.

ಮುನಾಫ್‌ಗೆ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ತಲೆ ತಗ್ಗಿಸಿ ಕೇಳಿದ. ಅವನನ್ನು ಅಲ್ಲಿಂದ ಕಳಿಸಿ, ಅರ್ಧ ಕಟ್ಟಿದ ಹಡಗಿನ ನೆರಳಿನಲ್ಲಿ ಒಬ್ಬನೇ ಕೂತೆ. ಹಲಗೆ ಮುಟ್ಟಿ ನೋಡಿದೆ, ಒಳ್ಳೆಯ ಸಾಗುವಾನಿ. ಮಂಜಿಯಲ್ಲಿ ಇಪ್ಪತ್ತೆರಡು ವರ್ಷ ಕಳೆದವನು ನಾನು, ಎಂಥಾ ಗಾಳಿಯಲ್ಲೂ ದಿಕ್ಕು ತಪ್ಪಿಲ್ಲ. ಅಲ್ಲಿ ಮಾತ್ರ ಯಾವ ಕಡೆ ಮುಖ ಮಾಡಿ ಕೂರಬೇಕು ಎಂದೇ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅನ್ಸಾರ್ ಬಂದ. ವಾಚನ್ನು ಕರವಸ್ತ್ರದಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದಿದ್ದ. "ಕಾಕ, ಇದು ನೀವು ಗೊತ್ತಿಲ್ಲದೆ ಕಟ್ಟಿದ್ದು. ಹಾಗೆ ಸಿಕ್ಕಿದ್ದು ನನಗೆ ಬೇಡ. ಉಮ್ಮನಿಗೆ ನಾನು ಹೇಳ್ತೇನೆ" ಎಂದ. "ನಿನ್ನ ಉಮ್ಮ ಬಿಟ್ಟಾಳಾ?" ಎಂದು ಕೇಳಿದೆ. "ಬಿಡುವುದಿಲ್ಲ. ಬೈತಾರೆ. ನಿಮ್ಮಷ್ಟು ಜೋರಾಗಿ ಅಲ್ಲ" ಎಂದ. ನನಗೆ ನಗು ಬಂತು, ನಗಲಿಲ್ಲ. ವಾಚು ತೆಗೆದುಕೊಂಡು ಕಿಸೆಗೆ ಹಾಕಿದೆ. ಇಡೀ ದಿನ ನಾನು ಹೇಳಿದ್ದಕ್ಕೆಲ್ಲ ಹೌದು ಹೌದು ಎನ್ನದವನು ಆ ವ್ಯಾನಿನಲ್ಲಿ ಅವನೊಬ್ಬನೇ, ನೋಡು. ಹೌದು ಎಂದವರೆಲ್ಲ ನನ್ನ ಬೆನ್ನ ಹಿಂದೆ ಸಂಚು ಹೂಡಿದವರು.

ವಾಪಸ್ ಬರುವ ಮೊದಲು ಸೂರ್‌ನ ಕಡಲ ಬದಿಯಲ್ಲಿ ಫಾಯಿಝಾಳನ್ನು ಕೂರಿಸಿ ಕೇಳಿದೆ. ಶಾಫಿಗೆ ಏನು ಕಡಿಮೆ? ಅವಳು ಅಳಲಿಲ್ಲ. "ಶಾಫಿಗೆ ಎಂತದೂ ಕಡಿಮೆ ಇಲ್ಲ ಅಜ್ಜಾ. ಊರಿಗೆ ಬಂದಾಗೆಲ್ಲ ನನಗೆ ಸೈಕಲ್ ಕಲಿಸಿದ್ದು ಅವನೇ. ನನಗೆ ಅವನು ಅಣ್ಣ. ನೀವು ನನ್ನ ಹತ್ತಿರ ಯಾವಾಗ ಕೇಳಿದ್ರಿ? ಬೀಪಾತು ಅಜ್ಜಿಗೆ ಹೇಳಿ ಆದ ಮೇಲೆ ನನಗೆ ಹೇಳಲಿಕ್ಕೆ ಬಂದ್ರಿ" ಎಂದಳು. ನನ್ನ ಎದುರು ಹೀಗೆ ಮಾತಾಡಲು ಇವಳಿಗೆ ಯಾರು ಕಲಿಸಿದ್ದು ಎಂದು ಕೇಳಲು ಬಾಯಿ ತೆರೆದೆ. ಹೀಗೆಲ್ಲ ನೆಟ್ಟಗೆ ಮಾತಾಡುವವರು ನಮ್ಮ ಮನೆಯಲ್ಲಿ ನಾನೊಬ್ಬನೇ ಎಂದು ನೆನಪಾಗಿ ಮುಚ್ಚಿದೆ.

ಈಗ ಹೇಳು, ನಾನು ಏನು ಮಾಡಲಿ? ಗೊತ್ತಿದ್ದು ಕೊಟ್ಟ ಮಾತು ತಂಗಿಯ ಜಗಲಿಯಲ್ಲಿದೆ. ಗೊತ್ತಿಲ್ಲದೆ ಕಟ್ಟಿದ ವಾಚು ನನ್ನ ಕಿಸೆಯಲ್ಲಿದೆ. ಮೊದಲನೆಯದರಲ್ಲಿ ಹುಡುಗಿಯ ಒಪ್ಪಿಗೆ ಇಲ್ಲ, ಎರಡನೆಯದರಲ್ಲಿ ನನ್ನದಿಲ್ಲ. ಯಾವುದು ಹೆಚ್ಚು? ಇವಳ ಉಪ್ಪ ಮುನಾಫ್, ಮಾತು ಕೊಡಬೇಕಾದವನು ಅವನು, ನಾನು ನಡುವೆ ಹೋಗಿ ಏಕೆ ಕೊಟ್ಟೆ? ಇನ್ನೊಂದು ವಿಷಯ. ನಿನಗೆ ಬಕ್ರೀದಿನಿಂದಲೇ ಎಲ್ಲ ಗೊತ್ತಿತ್ತು ಎಂದು ರಸೀನಾ ಹೇಳುತ್ತಿದ್ದಾಳೆ. ನಿಜವಾ? ನಾನು ತಂಗಿಯ ಮನೆಯಿಂದ ಬಂದು ಮಾತು ಕೊಟ್ಟೆ ಎಂದು ಹೇಳಿದಾಗ, "ಹೋಗಿ ಬನ್ನಿ, ಅಲ್ಲಿ ನೋಡಿ" ಎಂದಷ್ಟೇ ಅಂದೆಯಲ್ಲ. ಅದರ ಅರ್ಥ ಇದಾ? ನಲವತ್ತೈದು ವರ್ಷ ನಿನ್ನ ಮಾತು ನನಗೆ ಅರ್ಥವಾಗಿದೆ ಎಂದುಕೊಂಡಿದ್ದೆ. ನಿನ್ನೆಯಿಂದ ಅದೂ ಅನುಮಾನ. ಕೋಟೆಯ ಮೇಲಿನ ಸಿಟ್ಟು, ಮುನಾಫ್‌ನ ಮೇಲಿನ ಸಿಟ್ಟು, ನಿನ್ನ ಮೇಲಿನ ಸಿಟ್ಟು ಎಲ್ಲವೂ ತಲೆಯಲ್ಲಿ ಕಲಸಿಹೋಗಿವೆ. ಇವತ್ತು ಬೆಳಿಗ್ಗೆ ನಮಾಜಿಗೆ ಮೊದಲು ಕೈಕಾಲು ತೊಳೆದು ವುಳೂ ಮಾಡಲು ಹೋಗಿ, ವಾಚಿಲ್ಲದ ಬರಿ ಮಣಿಕಟ್ಟಿನಿಂದ ವಾಚು ಬಿಚ್ಚಲು ನೋಡಿದೆ.

ಮನೆಯಲ್ಲಿ ಎಲ್ಲರಿಗೂ ನನ್ನ ಸಲಾಂ ಹೇಳು. ಹಿತ್ತಿಲ ಮೋಟಾರನ್ನು ಮಕ್ಕಳು ಮುಟ್ಟದ ಹಾಗೆ ನೋಡಿಕೊ. ರಂಜಾನಿಗೆ ಮೊದಲು ನಿನ್ನ ಕಣ್ಣು ಪೂರ್ತಿ ಗುಣವಾಗಲಿ, ಅಲ್ಲಾಹು ನಿನ್ನನ್ನು ಚೆನ್ನಾಗಿಟ್ಟಿರಲಿ. ಕಾಗದ ಓದಿ ಆದ ಮೇಲೆ ಖುರ್‌ಆನಿನ ಪೆಟ್ಟಿಗೆಯ ಕೆಳಗಿಡು. ಹರಿಯಬೇಡ.

ನಿನ್ನ,
ಮುಹಿಯುದ್ದೀನ್

ಆಮೇಲೆ ಸೇರಿಸಿದ್ದು: ಸೋಮವಾರ ಸಂಜೆ ಬರೆಯುತ್ತಿದ್ದೇನೆ. ಜಲಾಲ್ ಕಾಗದಕ್ಕಾಗಿ ಬಂದು ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತಿದ್ದಾನೆ. ಅನ್ಸಾರ್‌ನನ್ನೂ ಅವನ ಉಮ್ಮನನ್ನೂ ಮಧ್ಯಾಹ್ನ ಮನೆಗೆ ಕರೆಸಿದೆ. ಮುನಾಫ್‌ನ ಹತ್ತಿರ ಕೇಳಿ, ಫಾಯಿಝಾಳ ಹತ್ತಿರ ಕೇಳಿ, ವಾಚನ್ನು ಈ ಸಲ ಗೊತ್ತಿದ್ದೇ ಕಟ್ಟಿದೆ. ಸರಿಯೋ ತಪ್ಪೋ ನನಗೆ ಇನ್ನೂ ಗೊತ್ತಿಲ್ಲ. ಬೀಪಾತುಮ್ಮನಿಗೆ ಇದು ಬೇರೆಯವರ ಬಾಯಿಂದ ಗೊತ್ತಾಗಬಾರದು, ಫೋನಿನಲ್ಲೂ ಹೇಳುವ ಮಾತಲ್ಲ. ನನ್ನ ಟಿಕೆಟ್ ಬದಲಿಸಿ ಗುರುವಾರಕ್ಕೆ ಮಾಡಿಸಿದ್ದೇನೆ. ವಿಮಾನ ಇಳಿದವನು ನಮ್ಮ ಮನೆಗೆ ಬರುವುದಿಲ್ಲ, ನೇರ ಅವಳ ಜಗಲಿಗೇ ಹೋಗುತ್ತೇನೆ. ಕೊಟ್ಟ ಮಾತನ್ನು ಕೊಟ್ಟಲ್ಲಿಯೇ ವಾಪಸ್ ಕೇಳಬೇಕಲ್ಲ. ನೀನು ಮೂರು ಗಂಟೆಗೆ ಅಲ್ಲಿ ಬಂದು ಕೂತಿರು. ಏನೂ ಹೇಳಬೇಡ, ಸುಮ್ಮನೆ ಕೂತಿರು. ಅವಳ ಎದುರು ಒಬ್ಬನೇ ನಿಲ್ಲಲು ನನಗೆ ಹೆದರಿಕೆಯಾಗುತ್ತಿದೆ.